ಪ್ಲೇಡೇಟ್‌ಗೆ ಗೇಮ್ ಮಾಡಿದ್ದೀರಾ? ಫೀಡ್‌ಬ್ಯಾಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲೇಡೇಟ್‌ಗೆ ಒಂದು ಸಣ್ಣ ಗೇಮ್ ಮಾಡಿ, ನಾಲ್ಕೈದು ಡಾಲರ್‌ಗೆ ಮಾರೋಣ ಎಂದು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಆಡಿ ಅಭಿಪ್ರಾಯ ಹೇಳುವವರ ಪ್ರಶ್ನೆಗಳೂ ಒಂದೆರಡಿವೆ. ಕೋಡ್ ಬರೆಯುವುದು ಹೇಗೆ ಎಂಬುದು ಇಲ್ಲಿ ಸಿಗುವುದಿಲ್ಲ. ಗೇಮ್ ಒಂದು ಹದಕ್ಕೆ ಬಂದ ಮೇಲೆ ಅದನ್ನು ಬೇರೆಯವರ ಕೈಗೆ ಕೊಡುವುದು, ಅವರು ಹೇಳಿದ್ದನ್ನು ಕೇಳಿಸಿಕೊಳ್ಳುವುದು, ಅಷ್ಟೇ ವಿಷಯ.

ಪ್ಲೇಡೇಟ್ ಅಂದರೆ ಏನು?

ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿರುವ ಪ್ಯಾನಿಕ್ ಎಂಬ ಕಂಪನಿ ತಂದ ಹಳದಿ ಬಣ್ಣದ ಪುಟ್ಟ ಕನ್ಸೋಲ್. ಅಂಗಿ ಜೇಬಿಗೆ ಹಿಡಿಸುತ್ತದೆ. 2019ರಲ್ಲಿ ಘೋಷಣೆಯಾಯಿತು, 2022ರ ಏಪ್ರಿಲ್‌ನಿಂದ ಜನರ ಕೈ ಸೇರಿತು. ಬಲಬದಿಗೆ ಒಂದು ಹಿಡಿ ಇದೆ, ಬಿಡಿಸಿ ತಿರುಗಿಸಬಹುದು. ಅದೇ ಕ್ರ್ಯಾಂಕ್. ವಿನ್ಯಾಸದಲ್ಲಿ ಸ್ವೀಡನ್ನಿನ ಟೀನೇಜ್ ಎಂಜಿನಿಯರಿಂಗ್ ಕಂಪನಿಯ ಕೈ ಇದೆ. ಪರದೆ 2.7 ಇಂಚು, 400×240 ಪಿಕ್ಸೆಲ್. ಕಪ್ಪು, ಬಿಳಿ ಎರಡೇ. ಬೂದು ಕೂಡ ಇಲ್ಲ. ಪರದೆಗೆ ಒಳಗಿನಿಂದ ಬೆಳಕೂ ಇಲ್ಲ. (1989ರ ಗೇಮ್ ಬಾಯ್‌ಗೂ ಒಳಬೆಳಕು ಇರಲಿಲ್ಲ, ಆದರೆ ಅದಕ್ಕೆ ನಾಲ್ಕು ಛಾಯೆಗಳಾದರೂ ಇದ್ದವು.)

ಗೇಮ್ ಮಾಡುವ ಸಾಧನಗಳ ಕಟ್ಟು, ಅಂದರೆ ಎಸ್‌ಡಿಕೆ, ಉಚಿತ. ಡಿವೈಸ್ ಇಲ್ಲದೆ ಕಂಪ್ಯೂಟರಿನಲ್ಲೇ ಗೇಮ್ ಓಡಿಸಿ ನೋಡುವ ಸಿಮ್ಯುಲೇಟರ್ ಅದರಲ್ಲೇ ಬರುತ್ತದೆ. ಲುವಾ ಅಥವಾ ಸಿ ಭಾಷೆಯಲ್ಲಿ ಬರೆಯಬಹುದು. ಕೋಡ್ ಅಷ್ಟಾಗಿ ಬೇಡ ಎನ್ನುವವರಿಗೆ ಬ್ರೌಸರ್‌ನಲ್ಲೇ ಓಡುವ ಪಲ್ಪ್ ಇದೆ. ಮಾರಲು ಎರಡು ಮುಖ್ಯ ದಾರಿ: 2023ರ ಮಾರ್ಚ್‌ನಲ್ಲಿ ಶುರುವಾದ ಪ್ಯಾನಿಕ್‌ನದ್ದೇ ಅಂಗಡಿ ಕ್ಯಾಟಲಾಗ್, ಮತ್ತು ಯಾರು ಬೇಕಾದರೂ ಇಡಬಹುದಾದ ಇಚ್.ಐಒ.

ಕಂಪ್ಯೂಟರ್ ಗೇಮಿನ ಫೀಡ್‌ಬ್ಯಾಕ್‌ಗೂ ಇದಕ್ಕೂ ಏನು ವ್ಯತ್ಯಾಸ?

ಇಲ್ಲಿ ಅರ್ಧ ದೂರುಗಳು ಗೇಮಿನದ್ದೇ ಅಲ್ಲ. ಕೈ, ಬೆಳಕು, ಕೂತ ಜಾಗ ಇವುಗಳದ್ದು. ಆದರೆ ಆಡುವವರು ಅದನ್ನು ಗೇಮಿನ ಮೇಲೆ ಹಾಕಿ ಹೇಳುತ್ತಾರೆ. "ಕಷ್ಟ ಇದೆ" ಅಂದರೆ "ಕಾಣಿಸಲಿಲ್ಲ" ಎಂದಿರಬಹುದು. "ಬೋರ್ ಆಯ್ತು" ಅಂದರೆ "ಮಣಿಕಟ್ಟು ನೋಯ್ತು" ಎಂದಿರಬಹುದು. ಹಾಗಾಗಿ ಬಾಯಿಂದ ಬಂದ ಮಾತಿಗಿಂತ ಕೈಯನ್ನು ನೋಡುವುದು ಮೇಲು. ಈ ಪುಟದಲ್ಲಿ ಬೇರೇನೂ ನೆನಪಿಡದಿದ್ದರೂ ಇದೊಂದನ್ನು ಇಟ್ಟುಕೊಳ್ಳಿ.

ನನ್ನ ಹತ್ತಿರ ಡಿವೈಸ್ ಇಲ್ಲ. ಸಿಮ್ಯುಲೇಟರ್‌ನಲ್ಲೇ ಆಡಿಸಿ ಫೀಡ್‌ಬ್ಯಾಕ್ ತಗೊಂಡರೆ ಸಾಲದಾ?

ಶುರುವಿಗೆ ಸಾಕು. ಕಥೆ ಅರ್ಥವಾಗುತ್ತದಾ, ಮೆನುವಿನಲ್ಲಿ ದಾರಿ ತಪ್ಪುತ್ತಾರಾ, ಇಂಥವೆಲ್ಲ ಸಿಮ್ಯುಲೇಟರ್‌ನಲ್ಲೇ ಗೊತ್ತಾಗುತ್ತದೆ. ಮಾರುವ ಮಾತು ಬಂದಾಗ ಸಾಲದು. ಕಾರಣ ಮೂರು.

ಒಂದು, ಅಳತೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಿಮ್ಯುಲೇಟರ್ ಕಿಟಕಿ ಅಂಗೈ ಅಗಲ ಇರುತ್ತದೆ. ಡಿವೈಸ್‌ನಲ್ಲಿ ಇಂಚಿಗೆ ಸುಮಾರು 173 ಪಿಕ್ಸೆಲ್. 8 ಪಿಕ್ಸೆಲ್ ಎತ್ತರದ ಅಕ್ಷರ ಅಲ್ಲಿ ಹೆಚ್ಚುಕಡಿಮೆ 1.2 ಮಿಲಿಮೀಟರ್, ಸಾಸಿವೆ ಕಾಳಿನಷ್ಟು. ಲ್ಯಾಪ್‌ಟಾಪಿನಲ್ಲಿ ಚೆಂದ ಕಂಡ ಡೈಲಾಗು ಕೈಯಲ್ಲಿ ಹಿಡಿದಾಗ ಓದಲಿಕ್ಕೇ ಬರುವುದಿಲ್ಲ.

ಎರಡು, ವೇಗ. ಸಿಮ್ಯುಲೇಟರ್ ಓಡುವುದು ನಿಮ್ಮ ಕಂಪ್ಯೂಟರಿನ ಬಲದ ಮೇಲೆ. ಡಿವೈಸ್‌ನಲ್ಲಿರುವುದು 168 ಮೆಗಾಹರ್ಟ್ಸ್ ಪ್ರೊಸೆಸರ್, 16 ಎಂಬಿ ರ‍್ಯಾಮ್. ಇಲ್ಲಿ ಬೆಣ್ಣೆ ಕತ್ತರಿಸಿದ ಹಾಗೆ ಓಡಿದ್ದು ಅಲ್ಲಿ ತೆವಳಬಹುದು.

ಮೂರು, ಕ್ರ್ಯಾಂಕ್. ಮೌಸ್‌ನಿಂದ ಅದನ್ನು ತಿರುಗಿಸಿದವರು ಅದರ ಬಗ್ಗೆ ಏನು ಹೇಳಿದರೂ ನಂಬಬೇಡಿ. ಒಳ್ಳೆಯದು ಹೇಳಿದರೂ ಅಷ್ಟೇ.

ಬೆಂಗಳೂರಿನಲ್ಲೇ ಹುಡುಕಿದರೂ ಇದು ಸುಲಭಕ್ಕೆ ಕಣ್ಣಿಗೆ ಬೀಳುವ ಸಾಮಾನಲ್ಲ, ನಿಜ. ಹಾಗಿದ್ದರೆ ಡಿವೈಸ್ ಇರುವ ಒಬ್ಬರನ್ನು, ಎಲ್ಲೇ ಇರಲಿ, ಮೊದಲೇ ಗೊತ್ತು ಮಾಡಿಕೊಳ್ಳಿ. ಅವರಿಗೆ ಫೈಲ್ ಕಳಿಸಿದರೆ ಪ್ಲೇಡೇಟ್ ವೆಬ್‌ಸೈಟಿನ ಮೂಲಕವೋ ಯುಎಸ್‌ಬಿ ಕೇಬಲ್‌ನಿಂದಲೋ ಹಾಕಿಕೊಳ್ಳುತ್ತಾರೆ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಟೆಸ್ಟ್‌ಗೆ ಕೊಡುವಾಗ ಏನು ಹೇಳಿ ಕೊಡಬೇಕು?

ಏನೂ ಹೇಳಬೇಡಿ. ಕೊಡಿ, ಪಕ್ಕದಲ್ಲಿ ಕೂತುಕೊಳ್ಳಿ, ಬಾಯಿ ಮುಚ್ಚಿಕೊಂಡಿರಿ. ಹೇಳಿದಷ್ಟು ಸುಲಭವಲ್ಲ ಇದು. ಅವರು ತಪ್ಪು ಬಟನ್ ಒತ್ತುವಾಗ ನಿಮ್ಮ ಬಾಯಿ ತಾನಾಗಿ "ಅಲ್ಲ, ಅದಲ್ಲ" ಅನ್ನುತ್ತದೆ. ಆ ಕ್ಷಣದಲ್ಲೇ ನಿಮಗೆ ಬೇಕಿದ್ದ ಮಾಹಿತಿ ಹೋಯಿತು. ನಾಳೆ ದುಡ್ಡು ಕೊಟ್ಟು ತಗೊಂಡವರ ಪಕ್ಕದಲ್ಲಿ ನೀವು ಕೂತಿರುವುದಿಲ್ಲ, ಅಲ್ವಾ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಬ್ಬಿನ ಹಾಲಿನ ಅಂಗಡಿ ಗೇಮ್. ಕ್ರ್ಯಾಂಕ್ ತಿರುಗಿಸಿದರೆ ಗಾಣ ತಿರುಗುತ್ತದೆ, ಲೋಟಕ್ಕೆ ಹಾಲು ಬೀಳುತ್ತದೆ. ಲೋಟ ತುಂಬಿದ ತಕ್ಷಣ ಎ ಬಟನ್ ಒತ್ತಿ ಗಿರಾಕಿಗೆ ಕೊಡಬೇಕು. ತಡವಾದರೆ ಚೆಲ್ಲುತ್ತದೆ. ಆಡುವವರು ಎರಡು ಲೋಟ ಚೆಲ್ಲಿ, ಮೂರನೆಯದನ್ನೂ ಚೆಲ್ಲಿ, "ಲೋಟ ಚಿಕ್ಕದಾಯ್ತು, ಸ್ವಲ್ಪ ದೊಡ್ಡದು ಮಾಡಿ" ಅನ್ನುತ್ತಾರೆ. ನೀವು ಅವರ ಮುಖ ನೋಡುತ್ತಿದ್ದರೆ ಅದನ್ನೇ ಬರೆದುಕೊಂಡು ಹೋಗಿ ಲೋಟ ದೊಡ್ಡದು ಮಾಡುತ್ತೀರಿ. ಕೈ ನೋಡುತ್ತಿದ್ದರೆ ಬೇರೆಯೇ ಕಾಣುತ್ತದೆ. ಬಲಗೈ ಕ್ರ್ಯಾಂಕ್ ಹಿಡಿದಿದೆ. ಎ ಬಟನ್ ಒತ್ತಬೇಕಾದದ್ದೂ ಅದೇ ಬಲಗೈ ಹೆಬ್ಬೆರಳು. ಕ್ರ್ಯಾಂಕ್ ಬಿಟ್ಟು, ಬೆರಳನ್ನು ಮೇಲೆ ತಂದು, ಬಟನ್ ಹುಡುಕಿ ಒತ್ತುವಷ್ಟರಲ್ಲಿ ಹಾಲು ಚೆಲ್ಲಿ ಆಗಿದೆ. ಎಡಗೈ ಹೆಬ್ಬೆರಳು ಅಷ್ಟೂ ಹೊತ್ತು ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಬಾಣದ ಬಟನ್) ಮೇಲೆ ಸುಮ್ನೆ ಕೂತಿದೆ. ಕೊಡುವ ಕೆಲಸವನ್ನು ಡಿ-ಪ್ಯಾಡ್‌ನ ಕೆಳಗಿನ ಬಾಣಕ್ಕೆ ಹಾಕಿದರೆ ಲೋಟ ಇದ್ದ ಹಾಗೇ ಇರಬಹುದು.

ಆಡುವವರು ಹೇಳುವ ತೊಂದರೆ ಯಾವಾಗಲೂ ನಿಜ. ಅವರು ಹೇಳುವ ಮದ್ದು ಮಾತ್ರ ಅಪರೂಪಕ್ಕೆ ಸರಿ ಇರುತ್ತದೆ.

ದೂರದಲ್ಲಿರುವವರ ಕೈಯನ್ನು ಹೇಗೆ ನೋಡುವುದು?

ಫೋನನ್ನು ಎದೆಮಟ್ಟದಲ್ಲಿ ಏನಕ್ಕಾದರೂ ಒರಗಿಸಿಟ್ಟು ಹತ್ತು ನಿಮಿಷ ವಿಡಿಯೊ ಮಾಡಿ ಕಳಿಸಲು ಕೇಳಿ. ಮುಖ ಬೇಡ, ಕೈ ಮತ್ತು ಡಿವೈಸ್ ಕಂಡರೆ ಸಾಕು ಎಂದು ಮೊದಲೇ ಹೇಳಿ. ಮುಖ ಬೇಡ ಅಂದಾಗ ಜನ ಒಪ್ಪುತ್ತಾರೆ. ಪ್ಯಾನಿಕ್‌ನದ್ದೇ ಮಿರರ್ ಎಂಬ ಆಪ್ ಇದೆ, ಕೇಬಲ್ ಹಾಕಿದರೆ ಡಿವೈಸ್ ಪರದೆ ಕಂಪ್ಯೂಟರಿನಲ್ಲಿ ಕಾಣುತ್ತದೆ. ಆದರೆ ಅದರಲ್ಲಿ ಬರುವುದು ಪರದೆ ಮತ್ತು ಸದ್ದು ಮಾತ್ರ. ಬಗ್ ಹಿಡಿಯಲು ಒಳ್ಳೆಯದು, ಕೈ ನೋಡಲು ಅಲ್ಲ.

ಎಲ್ಲರೂ "ಚೆನ್ನಾಗಿದೆ" ಅಂತಾರೆ. ಅದನ್ನು ತಗೊಂಡು ಏನು ಮಾಡಲಿ?

ಏನೂ ಮಾಡಲಾಗದು. ನಮ್ಮಲ್ಲಿ ಎದುರಿಗೆ ಕೂತವರಿಗೆ ಬೇಸರ ಮಾಡುವವರು ಕಡಿಮೆ. "ಪರವಾಗಿಲ್ಲ" ಅಂದರೇ ಸ್ವಲ್ಪ ಎಚ್ಚರ ವಹಿಸಬೇಕು. ಪ್ರಶ್ನೆ ಬದಲಾಯಿಸಿ. "ಹೇಗಿದೆ?" ಎಂದು ಕೇಳಬೇಡಿ. ಹೀಗೆ ಕೇಳಿ ನೋಡಿ: ಎಲ್ಲಿ ಕೆಳಗಿಟ್ಟಿರಿ? ಆಮೇಲೆ ಮತ್ತೆ ಯಾವಾಗ ಎತ್ತಿಕೊಂಡಿರಿ? ಈ ಗೇಮಿನಲ್ಲಿ ಏನು ಮಾಡಬೇಕು ಅಂತ ನಿಮ್ಮ ಮನೆಯವರಿಗೆ ಹೇಗೆ ಹೇಳುತ್ತೀರಿ?

ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟ. ಅದಕ್ಕೆ ಬರುವ ಉತ್ತರ ನೀವು ಮಾಡಿದ ಗೇಮ್ ಬಗ್ಗೆ ಅಲ್ಲ, ಅವರು ಆಡಿದ ಗೇಮ್ ಬಗ್ಗೆ ಇರುತ್ತದೆ. ಎರಡೂ ಒಂದೇ ಆಗಿದ್ದರೆ ನಿಮ್ಮ ಅದೃಷ್ಟ.

ಎಷ್ಟು ಜನರಿಂದ ಆಡಿಸಬೇಕು?

ಐದು ಜನರನ್ನು ಕೂರಿಸಿ ನೋಡಿದರೆ ಬಳಕೆಯ ತೊಂದರೆಗಳಲ್ಲಿ ಹೆಚ್ಚಿನವು ಹೊರಬರುತ್ತವೆ ಎಂದು ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದರು. ಮೆನು, ಬಟನ್, ಓದಲಾಗದ ಅಕ್ಷರ ಇಂಥವಕ್ಕೆ ಆ ಲೆಕ್ಕ ಹಿಡಿಯಬಹುದು. ಕಷ್ಟ ಎಷ್ಟಿರಬೇಕು ಎಂಬುದಕ್ಕೆ ಐದು ಜನ ಸಾಲುವುದಿಲ್ಲ.

ಎಲ್ಲರನ್ನೂ ಒಂದೇ ದಿನ ಖರ್ಚು ಮಾಡಬೇಡಿ. ಒಬ್ಬರು ನಿಮ್ಮ ಗೇಮಿಗೆ ಹೊಸಬರಾಗಿರುವುದು ಒಂದೇ ಸಲ. ಇಬ್ಬರಿಗೆ ಕೊಡಿ, ಸರಿಮಾಡಿ, ಇನ್ನಿಬ್ಬರಿಗೆ ಕೊಡಿ. ಗೇಮ್ ಆಡದ ಒಬ್ಬರಾದರೂ ಇರಲಿ. ಅಮ್ಮ, ಚಿಕ್ಕಪ್ಪ, ಪಕ್ಕದ ಮನೆ ಹುಡುಗಿ, ಯಾರಾದರೂ ಆದೀತು.

ಕ್ರ್ಯಾಂಕ್ ಸರಿ ಇಲ್ಲ ಅಂತಾರೆ. ಏನು ಸರಿ ಇಲ್ಲ ಅಂತ ಹೇಳಲ್ಲ.

ಆ ಒಂದು ಮಾತಿನೊಳಗೆ ಬೇರೆ ಬೇರೆ ದೂರುಗಳು ಸೇರಿಕೊಂಡಿರುತ್ತವೆ. ಬಿಡಿಸಿ ನೋಡಬೇಕು.

ದಿಕ್ಕು: ಮುಂದಕ್ಕೆ ತಿರುಗಿಸಿದರೆ ವಸ್ತು ಮೇಲೆ ಹೋಗಬೇಕೋ ಕೆಳಗೋ? ಒಬ್ಬೊಬ್ಬರ ಊಹೆ ಒಂದೊಂದು. ಜಗಳ ಬೇಡ, ತಿರುಗಾಮುರುಗಾ ಮಾಡುವ ಆಯ್ಕೆ ಕೊಟ್ಟುಬಿಡಿ. ಸಿಸ್ಟಂ ಮೆನುವಿನಲ್ಲಿ ಗೇಮಿಗೆ ಸಿಗುವುದು ಮೂರೇ ಜಾಗ. ಒಂದನ್ನು ಇದಕ್ಕೆ ಇಟ್ಟರೆ ನಷ್ಟವಿಲ್ಲ.

ದಣಿವು: ನಿಲ್ಲಿಸದೆ ತಿರುಗಿಸುತ್ತಲೇ ಇರಬೇಕಾದ ಗೇಮಿನಲ್ಲಿ ಎರಡು ನಿಮಿಷಕ್ಕೆ ಕೈ ಸೋಲುತ್ತದೆ. ಡಿವೈಸ್ ಹಗುರ, ಹಾಗಾಗಿ ಜೋರಾಗಿ ತಿರುಗಿಸಿದರೆ ಪರದೆಯೂ ಜೊತೆಗೆ ಕುಣಿಯುತ್ತದೆ. ಆಡುವವರು ಕುತ್ತಿಗೆ ಮುಂದೆ ಚಾಚಿ ಕಣ್ಣು ಕಿರಿದು ಮಾಡುತ್ತಿದ್ದರೆ ಇದೇ ಕಾರಣ ಇರಬಹುದು.

ಸೂಕ್ಷ್ಮ: ಕೆಲವರು ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸುತ್ತಾರೆ, ಕೆಲವರು ಒಂದೇ ಬೆರಳ ತುದಿಯಿಂದ ಗರಗರ ಸುತ್ತಿಸುತ್ತಾರೆ. ನಿಮ್ಮದು ಒಂದು ಬಗೆ, ಕೋಡ್ ನಿಮ್ಮ ಕೈಗೆ ಹೊಂದಿಕೊಂಡಿರುತ್ತದೆ. ನಿಧಾನದವರಿಗೆ ಅದು ಮಂದ, ಜೋರಿನವರಿಗೆ ಹುಚ್ಚು ಕುದುರೆ.

ಮಡಚಿಟ್ಟಿರುವುದು: ಇದು ತಮಾಷೆ ಎನಿಸಬಹುದು, ಆದರೆ ಕ್ರ್ಯಾಂಕ್ ಬಿಡಿಸಬೇಕು ಎಂದೇ ಗೊತ್ತಾಗದೆ ಕೂತವರಿದ್ದಾರೆ. "ಕ್ರ್ಯಾಂಕ್ ಬಳಸಿ" ಎಂದು ತೋರಿಸುವ ಸಿದ್ಧ ಚಿತ್ರ ಎಸ್‌ಡಿಕೆಯಲ್ಲೇ ಇದೆ. ಹಾಕಿ.

ಎಡಚರು: ಡಿವೈಸ್ ತಲೆಕೆಳಗೆ ಹಿಡಿದು ಆಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಅದು ಆನ್ ಇದೆಯಾ ಎಂದು ಗೇಮ್ ಕೇಳಿ ತಿಳಿಯಬಹುದು. ಒಬ್ಬ ಎಡಚರಿಗಾದರೂ ಕೊಟ್ಟು ನೋಡಿ.

ಸರಿ ಇರುವುದು ಹೇಗಿರುತ್ತದೆ ಎಂದು ನೋಡಬೇಕಿದ್ದರೆ, ಡಿವೈಸ್ ಕೊಂಡವರಿಗೆ ವಾರವಾರವೂ ಬರುವ ಸೀಸನ್ ಒಂದರ ಗೇಮ್‌ಗಳನ್ನು ತೆಗೆಯಿರಿ. ಮೊದಲ ವಾರವೇ ಬಂದ 'ವೈಟ್‌ವಾಟರ್ ವೈಪ್‌ಔಟ್'ನಲ್ಲಿ ಕ್ರ್ಯಾಂಕ್ ತಿರುಗಿದ ಹಾಗೆ ಸರ್ಫ್‌ಬೋರ್ಡ್ ತಿರುಗುತ್ತದೆ. 'ಕ್ರ್ಯಾಂಕಿನ್ಸ್ ಟೈಮ್ ಟ್ರಾವೆಲ್ ಅಡ್ವೆಂಚರ್'ನಲ್ಲಿ ಮುಂದಕ್ಕೆ ತಿರುಗಿಸಿದರೆ ಕಾಲ ಮುಂದೆ, ಹಿಂದಕ್ಕೆ ತಿರುಗಿಸಿದರೆ ಹಿಂದೆ. ಎರಡೂ ಸುಲಭದ ಗೇಮ್‌ಗಳಲ್ಲ. ಆದರೆ ಏನು ಮಾಡಬೇಕು ಎಂಬುದನ್ನು ಕೈಗೆ ಯಾರೂ ಹೇಳಿಕೊಡಬೇಕಿಲ್ಲ.

ಕಾಣಲ್ಲ, ಕಣ್ಣು ನೋಯುತ್ತೆ ಅನ್ನುವ ದೂರುಗಳು?

ಮೊದಲು ಕೇಳಬೇಕಾದ್ದು: ಎಲ್ಲಿ ಕೂತು ಆಡಿದಿರಿ? ಒಳಬೆಳಕು ಇಲ್ಲದ ಪರದೆ ಇದು. ಬಿಸಿಲಲ್ಲಿ ಅದ್ಭುತ, ಟ್ಯೂಬ್‌ಲೈಟ್ ಕೆಳಗೆ ಪರವಾಗಿಲ್ಲ, ರಾತ್ರಿ ಬಸ್ಸಿನಲ್ಲಿ ಸೊನ್ನೆ. ಕಪ್ಪು ಹಿನ್ನೆಲೆ ಜಾಸ್ತಿ ಇದ್ದರೆ ಆಡುವವರ ಮುಖವೇ ಪ್ರತಿಬಿಂಬವಾಗಿ ಕಾಣುತ್ತದೆ. ನಿಮ್ಮ ಟೇಬಲ್ ಲ್ಯಾಂಪ್ ಕೆಳಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಅದನ್ನು ನಂಬಿ ಕೂರಬೇಡಿ. ಸಂಜೆ ಆರೂವರೆಗೆ ಲೈಟ್ ಹಾಕದ ಕೋಣೆಯಲ್ಲಿ ಒಮ್ಮೆ ಆಡಿ ನೋಡಿ.

ಕಣ್ಣು ನೋಯುವುದಕ್ಕೆ ಇನ್ನೊಂದು ಕಾರಣ ಚುಕ್ಕಿಗಳು. ಬೂದು ಇಲ್ಲದ ಕಡೆ ಕಪ್ಪು ಬಿಳಿ ಚುಕ್ಕಿಗಳನ್ನು ಚದುರಂಗದ ಮನೆಯ ಹಾಗೆ ಜೋಡಿಸಿ ಬೂದಿನ ಭ್ರಮೆ ಹುಟ್ಟಿಸುತ್ತೇವೆ. ನಿಂತಿದ್ದಾಗ ಚೆಂದ. ಅದು ಒಂದೊಂದೇ ಪಿಕ್ಸೆಲ್ ಸರಿದರೆ ಪ್ರತಿ ಫ್ರೇಮಿಗೂ ಕಪ್ಪಿದ್ದಲ್ಲಿ ಬಿಳಿ, ಬಿಳಿಯಿದ್ದಲ್ಲಿ ಕಪ್ಪು ಬಂದು ಜುಮುಜುಮು ಅನ್ನುತ್ತದೆ. ಎರಡೆರಡು ಪಿಕ್ಸೆಲ್ ಸರಿಸಿದರೆ ಬಹಳ ಮಟ್ಟಿಗೆ ಹೋಗುತ್ತದೆ. ಮಿಂಚಿನಂಥ ಬೆಳಕು ಹೊಡೆಯುವ ದೃಶ್ಯಗಳಿದ್ದರೆ, ಮಿನುಗು ಕಡಿಮೆ ಮಾಡುವ ಸಿಸ್ಟಂ ಸೆಟ್ಟಿಂಗ್ ಆನ್ ಇದೆಯೇ ಎಂದು ನೋಡಿ ಅದಕ್ಕೆ ತಕ್ಕಂತೆ ನಡೆಯಿರಿ. ಇದು ಸೌಜನ್ಯದ ಮಾತಲ್ಲ, ಕೆಲವರ ಆರೋಗ್ಯದ ಮಾತು.

ಗೇಮಿನಲ್ಲಿ ಕನ್ನಡ ಅಕ್ಷರ ಹಾಕಬಹುದಾ?

ಹಾಕಬಹುದು, ಆದರೆ ಸುತ್ತು ದಾರಿ. ಪ್ಲೇಡೇಟ್ ಸಿಸ್ಟಂಗೆ ಗೊತ್ತಿರುವುದು ಇಂಗ್ಲಿಷ್, ಜಪಾನಿ. ಅದರ ಫಾಂಟ್‌ಗಳು ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ಲೆಕ್ಕದವು. ಒತ್ತಕ್ಷರವನ್ನು ಕೆಳಗೆ ಕೂರಿಸುವ, ಗುಣಿತವನ್ನು ಅಕ್ಷರಕ್ಕೆ ಅಂಟಿಸುವ ವ್ಯವಸ್ಥೆ ಇಲ್ಲ. ಹಾಗಾಗಿ ಕನ್ನಡದ ಸಾಲುಗಳನ್ನು ಕಂಪ್ಯೂಟರಿನಲ್ಲೇ ಚಿತ್ರ ಮಾಡಿ ಗೇಮಿಗೆ ಸೇರಿಸಬೇಕು.

ಟೆಸ್ಟ್ ಮಾಡಿಸುವಾಗ 'ಸ್ತ್ರೀ', 'ರಾಷ್ಟ್ರ' ಇಂಥ ಪದಗಳನ್ನು ಓದಿಸಿ. ಎರಡೆರಡು ಒತ್ತು ಇಳಿಬಿದ್ದ ಕಡೆ ಕಪ್ಪು ಬಿಳಿ ಪರದೆಯಲ್ಲಿ ಪಿಕ್ಸೆಲ್‌ಗಳು ಕೂಡಿಕೊಂಡು ಮಸಿ ಚೆಲ್ಲಿದ ಹಾಗಾಗುತ್ತದೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರ ನಮಗೆ ಸಾಲುವುದಿಲ್ಲ. ಡೈಲಾಗು ಪೆಟ್ಟಿಗೆಯಲ್ಲಿ ಮೂರು ಸಾಲು ಹಿಡಿಸುತ್ತಿದ್ದರೆ ಕನ್ನಡಕ್ಕೆ ಎರಡೇ ಎಂದುಕೊಂಡು ಬರೆಯಿರಿ.

"ಸ್ಲೋ ಆಗುತ್ತೆ" ಅಂದರೆ?

ಎರಡು ಬಗೆ. ಗೇಮಿನ ಓಟವೇ ನಿಧಾನ ಅನಿಸುವುದು ಒಂದು, ಯಂತ್ರ ತಡವರಿಸುವುದು ಇನ್ನೊಂದು. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ) ತೋರಿಸುವ ಕೋಡಿನ ಒಂದು ಸಾಲನ್ನು ಟೆಸ್ಟ್ ಬಿಲ್ಡ್‌ನಲ್ಲಿ, ಅಂದರೆ ಆಡಿ ನೋಡಲು ಕೊಡುವ ಪ್ರತಿಯಲ್ಲಿ, ಬಿಟ್ಟಿರಿ. ಮೂಲತಃ ಸೆಕೆಂಡಿಗೆ 30 ಫ್ರೇಮ್. ಅದು ಕುಸಿದರೆ ಯಂತ್ರದ ತೊಂದರೆ. ಕುಸಿಯದೆ ಆಗಾಗ ಒಂದು ಕ್ಷಣ ಎಡವಿದ ಹಾಗಾದರೆ, ಲುವಾ ತನ್ನ ಕಸ ಗುಡಿಸುತ್ತಿದೆ (ಬಳಸಿ ಬಿಟ್ಟ ಮೆಮೊರಿಯನ್ನು ತೆರವು ಮಾಡುತ್ತಿದೆ) ಎಂದು ಅನುಮಾನಿಸಿ. ಪ್ರತಿ ಫ್ರೇಮಿನಲ್ಲೂ ಹೊಸ ಟೇಬಲ್ (ಲುವಾದಲ್ಲಿ ಮಾಹಿತಿ ಇಡುವ ಪಟ್ಟಿ) ಸೃಷ್ಟಿಸುತ್ತಿದ್ದೀರಾ ನೋಡಿ.

"ನನ್ನ ಸೇವ್ ಹೋಯ್ತು" ಅಂತ ಒಬ್ಬರು ಬರೆದಿದ್ದಾರೆ.

ಬೇರೆಲ್ಲ ಬಿಟ್ಟು ಇದನ್ನು ಮೊದಲು ನೋಡಿ. ಕಷ್ಟದ ಗೇಮನ್ನು ಜನ ಕ್ಷಮಿಸುತ್ತಾರೆ, ಸೇವ್ ನುಂಗಿದ ಗೇಮನ್ನು ಕ್ಷಮಿಸುವುದಿಲ್ಲ.

ಸಾಮಾನ್ಯ ಕಾರಣ: ಸೇವ್ ಆಗುವುದು ಬಂಡಲ್ ಐಡಿ (ಗೇಮಿಗೆ ನೀವು ಕೊಟ್ಟ ಗುರುತಿನ ಹೆಸರು) ಹೆಸರಿನ ಫೋಲ್ಡರಿನಲ್ಲಿ. ಟೆಸ್ಟ್ ಬಿಲ್ಡ್‌ಗೂ ಮಾರಾಟದ ಬಿಲ್ಡ್‌ಗೂ ಬೇರೆ ಐಡಿ ಇದ್ದರೆ ಹಳೆಯದು ಕಾಣುವುದಿಲ್ಲ. ವೆಬ್‌ಸೈಟಿನ ಮೂಲಕ ಹಾಕಿಕೊಂಡರೆ ಐಡಿಯ ಮುಂದೆ ಬೇರೆ ಗುರುತೂ ಸೇರುತ್ತದೆ. ಹಾಗಾಗಿ ಕೇಬಲ್‌ನಲ್ಲಿ ಹಾಕಿಕೊಂಡದ್ದು, ವೆಬ್‌ನಲ್ಲಿ ಹಾಕಿಕೊಂಡದ್ದು ಡಿವೈಸ್‌ನ ಕಣ್ಣಿಗೆ ಎರಡು ಬೇರೆ ಗೇಮ್. "ಎಲ್ಲಿಂದ ಹಾಕಿಕೊಂಡಿರಿ?" ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಇನ್ನೊಂದು ಕಾರಣ: ಹಂತ ಮುಗಿದಾಗ ಮಾತ್ರ ಸೇವ್ ಮಾಡುವುದು. ಮೂರು ನಿಮಿಷ ಬಟನ್, ಕ್ರ್ಯಾಂಕ್ ಯಾವುದನ್ನೂ ಮುಟ್ಟದಿದ್ದರೆ ಡಿವೈಸ್ ತಾನಾಗಿ ಲಾಕ್ ಆಗುತ್ತದೆ. ಜನ ಹಾಗೇ ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಲಾಕ್ ಆಗುವಾಗ, ಮಲಗುವಾಗ, ಗೇಮ್ ಮುಚ್ಚುವಾಗ ಸಿಸ್ಟಂ ನಿಮಗೆ ಹೇಳಿಯೇ ಮಾಡುತ್ತದೆ. ಮೂರೂ ಕಡೆ ಸೇವ್ ಮಾಡಿ.

ಒಬ್ಬರು ತುಂಬಾ ಕಷ್ಟ ಅಂತಾರೆ, ಇನ್ನೊಬ್ಬರು ತುಂಬಾ ಸುಲಭ ಅಂತಾರೆ.

ಇಬ್ಬರೂ ಎಲ್ಲಿ ಸೋತರು ಎಂದು ನೋಡಿ, ಯಾರು ಜೋರಾಗಿ ಹೇಳಿದರು ಎಂದಲ್ಲ. ನಿಮ್ಮ ಗೇಮನ್ನು ಲೋಕದಲ್ಲಿ ಅತಿ ಚೆನ್ನಾಗಿ ಆಡುವವರು ನೀವೇ. ನಿಮಗೆ ಹದವಾಗಿದೆ ಅನಿಸಿದರೆ ಹೊಸಬರಿಗೆ ಅದು ಖಂಡಿತ ಕಷ್ಟ.

ಬೆಲೆ ಜಾಸ್ತಿ ಅಂತ ಬಂದ ಫೀಡ್‌ಬ್ಯಾಕ್?

ಎಲ್ಲೇ ಹೋದರೂ ಇದು ಬರುತ್ತದೆ. 'ಪೇಪರ್ಸ್, ಪ್ಲೀಸ್' ಮಾಡಿದ ಲೂಕಸ್ ಪೋಪ್ ಅವರ 'ಮಾರ್ಸ್ ಆಫ್ಟರ್ ಮಿಡ್‌ನೈಟ್' 2024ರ ಮಾರ್ಚ್‌ನಲ್ಲಿ ಕ್ಯಾಟಲಾಗ್‌ಗೆ ಬಂದಾಗ 6 ಡಾಲರ್. ಅಂಥ ಹೆಸರಿನವರೇ ಅಷ್ಟಕ್ಕೆ ಕೊಟ್ಟಾಗ ಉಳಿದವರ ಬೆಲೆಗೆ ಒಂದು ಅಂದಾಜು ಸಿಗುತ್ತದೆ. ಆದರೆ "ಜಾಸ್ತಿ" ಎನ್ನುವವರಲ್ಲಿ ಆಡಿ ಹೇಳುವವರು, ಆಡದೆ ಹೇಳುವವರು ಎಂದು ಎರಡು ಗುಂಪು. ಆಡಿದವರು "ಬೇಗ ಮುಗಿಯಿತು" ಎಂದರೆ ಕೇಳಿಸಿಕೊಳ್ಳಿ. ಅದೂ ಕೆಲವೊಮ್ಮೆ ಹೊಗಳಿಕೆ. ಆಡದವರು ಹೇಳಿದರೆ ಬೆಲೆ ಇಳಿಸಬೇಡಿ, ಮಾರಾಟದ ಪುಟದ ಚಿತ್ರಗಳನ್ನು ನೋಡಿ. ಗೇಮ್ ಹೇಗೆ ಓಡುತ್ತದೆ ಎಂದು ಅಲ್ಲಿ ಕಾಣುತ್ತಿಲ್ಲ ಅನಿಸುತ್ತದೆ.

ನಾನು ಗೇಮ್ ಮಾಡುವವನಲ್ಲ, ಆಡುವವನು. ಫೀಡ್‌ಬ್ಯಾಕ್ ಹೇಗೆ ಬರೆಯಬೇಕು?

ಹೀಗೆ ಬರೆದರೆ ಸಾಕು:

"ಆವೃತ್ತಿ 0.8. ಮೂರನೇ ದಿನ, ಎರಡನೇ ಗಿರಾಕಿ. ಗಾಣದಲ್ಲಿ ಕಬ್ಬು ಇರುವಾಗಲೇ ಮೆನು ಬಟನ್ ಒತ್ತಿ ವಾಪಸ್ ಬಂದೆ. ಗಾಣ ತಿರುಗುತ್ತೆ, ಹಾಲು ಬರಲ್ಲ. ಇನ್ನೊಮ್ಮೆ ಮಾಡಿದಾಗಲೂ ಹಾಗೇ. ಕ್ರ್ಯಾಂಕ್ ಮಡಚಿ ಬಿಡಿಸಿದರೆ ಸರಿ ಹೋಗುತ್ತೆ. ಡಿವೈಸ್‌ನಲ್ಲಿ ಆಡಿದ್ದು, ಸಿಮ್ಯುಲೇಟರ್ ಅಲ್ಲ."

ಇದನ್ನು ಓದಿದ ಡೆವಲಪರ್ ನಿಮ್ಮನ್ನು ಊಟಕ್ಕೆ ಕರೆದರೂ ಆಶ್ಚರ್ಯವಿಲ್ಲ. ಗೇಮ್ ಪೂರ್ತಿ ನಿಂತು ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದರೆ ಒತ್ತಿ ಕಳಿಸಿಬಿಡಬೇಡಿ, ಫೋನಿನಲ್ಲಿ ಫೋಟೊ ತೆಗೆಯಿರಿ. ಲುವಾದಲ್ಲಿ ಬರೆದ ಗೇಮ್ ಆದರೆ ತಪ್ಪು ಯಾವ ಫೈಲಿನ ಎಷ್ಟನೇ ಸಾಲಿನಲ್ಲಿದೆ ಎಂಬುದು ಅದರಲ್ಲೇ ಇರುತ್ತದೆ.

ಮೆಚ್ಚುಗೆ ಹೇಳುವುದಿದ್ದರೂ ಹೀಗೇ ಹೇಳಿ. "ಸೂಪರ್" ಅನ್ನುವ ಬದಲು "ಕಬ್ಬು ಗಾಣಕ್ಕೆ ಸಿಕ್ಕಿಕೊಂಡಾಗ ಬರುವ ಸದ್ದು ಇಷ್ಟವಾಯ್ತು" ಅನ್ನಿ. ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಆ ಸದ್ದನ್ನೇ ತೆಗೆದುಬಿಡುತ್ತಾರೆ.

ಕೆಟ್ಟದಾಗಿ ಬರೆದವರಿಗೆ ಉತ್ತರ ಕೊಡಬೇಕಾ?

ಬಗ್ ಹೇಳಿದ್ದರೆ ಕೊಡಿ: ಥ್ಯಾಂಕ್ಸ್, ನೋಡ್ತೀನಿ, ಸರಿಯಾದ ಮೇಲೆ ತಿಳಿಸ್ತೀನಿ. ಇಷ್ಟವಾಗಲಿಲ್ಲ ಎಂದಷ್ಟೇ ಹೇಳಿದ್ದರೆ ಬಿಟ್ಟುಬಿಡಿ. "ನೀವು ಸರಿಯಾಗಿ ಆಡಲಿಲ್ಲ" ಎಂದು ಮಾತ್ರ ಯಾವತ್ತೂ ಬರೆಯಬೇಡಿ. ಆ ಸಾಲನ್ನು ಓದುವುದು ಅವರೊಬ್ಬರೇ ಅಲ್ಲ, ಮುಂದೆ ಕೊಳ್ಳಲು ಬಂದವರೂ ಓದುತ್ತಾರೆ.

ಟೆಸ್ಟ್ ಮಾಡಿದವರಿಗೆ ದುಡ್ಡು ಕೊಡಬೇಕಾ?

ಗೆಳೆಯರಿಗೆ ಗೇಮಿನ ಪ್ರತಿ ಕೊಟ್ಟರೆ ಸಾಕು. ಇಚ್.ಐಒದಲ್ಲಿ ಅದಕ್ಕೆಂದೇ ಡೌನ್‌ಲೋಡ್ ಕೀ ಸಿಗುತ್ತದೆ. ಪಟ್ಟಿ ಹಿಡಿದು ಗಂಟೆಗಟ್ಟಲೆ ಕೂತು ಬಗ್ ಹುಡುಕಿಸುವುದಿದ್ದರೆ ಅದು ಕೆಲಸ. ಕೂಲಿ ಕೊಡಿ.

ಅವರ ಹೆಸರನ್ನು ಕ್ರೆಡಿಟ್ಸ್‌ನಲ್ಲಿ ಹಾಕಬೇಕಾ?

ಹಾಕಿ, ಆದರೆ ಕೇಳಿ ಹಾಕಿ. ಕೆಲವರಿಗೆ ನಿಜವಾದ ಹೆಸರು ಬೇಡವಾಗಿರುತ್ತದೆ. ಇಂಗ್ಲಿಷಿನಲ್ಲಿ ಹಾಕುವುದಾದರೆ ಸ್ಪೆಲಿಂಗ್ ಅವರಿಂದಲೇ ಬರೆಸಿಕೊಳ್ಳಿ.